ಬಸ್ ಸ್ಟಾಪಿಗೆ ಎದ್ದ ಶಾಮಿಯಾನ

ನಮ್ಮ ಅಮಾನ್‌ಪಾಂಗ್ ಪೇಟೆಯಲ್ಲಿ ಬಸ್ಸು ಎಲ್ಲಿ ನಿಲ್ಲಬೇಕು ಎಂದು ಯಾರೂ ಕೂತು ನಿರ್ಧರಿಸಿದ್ದಲ್ಲ. ಜನ ನಿಂತಲ್ಲಿ ಬಸ್ಸು ನಿಲ್ಲುತ್ತದೆ, ಬಸ್ಸು ನಿಂತಲ್ಲಿ ಜನ ನಿಲ್ಲುತ್ತಾರೆ. ಮೊದಲು ನಿಂತವರು ಯಾರು ಎಂದು ಕೇಳಿದರೆ ಇಬ್ಬರೂ ಎದುರಿನವರ ಕಡೆ ಬೆರಳು ತೋರಿಸುತ್ತಾರೆ.

ಹಾಗೆ ನಿಂತುನಿಂತು ಗಟ್ಟಿಯಾದ ಜಾಗ ಎಂದರೆ ದೊಡ್ಡ ವೃತ್ತದ ತಿರುವು. ಅಲ್ಲಿ ಒಂದು ಬೇವಿನ ಮರವಿದೆ, ಅದರ ನೆರಳಿದೆ, ನೆರಳಿನ ಕೆಳಗೆ ಒಂದು ಚರಂಡಿಯೂ ಇದೆ. ಚರಂಡಿಗೆ ಮುಚ್ಚಳವಿಲ್ಲ. ನಮ್ಮಲ್ಲಿ ಬಸ್ಸೆಂದರೆ ಟ್ರೋಟ್ರೋ ಎಂಬ ಬಾಡಿಗೆ ವ್ಯಾನು; ಅದರವನು ಅಂಚಿಗೆ ಒತ್ತಿ ನಿಲ್ಲಿಸಿದರೆ ಬಾಗಿಲು ನೇರ ಚರಂಡಿಯ ಮೇಲೆ ತೆರೆಯುತ್ತದೆ. ಅಂಚು ಬಿಟ್ಟು ನಿಲ್ಲಿಸಿದರೆ ಬಾಗಿಲಿಗೂ ಚರಂಡಿಗೂ ನಡುವಿನ ಸಂದಿಯಲ್ಲಿ ಮೋಟಾರ್ ಸೈಕಲ್ಲುಗಳು ನುಗ್ಗುತ್ತವೆ. ಆದ್ದರಿಂದ ನಮ್ಮ ಪೇಟೆಗೆ ಬರುವ ಹೆಂಗಸರು ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ, ಸೀರೆಯಷ್ಟೇ ಉದ್ದದ ಬಟ್ಟೆಯ ನೆರಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಏಸುವನ್ನೋ ಅಲ್ಲಾನನ್ನೋ ನೆನೆದು ಹಾರುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹಾಗೆ ಹಾರಿದ ಕೊನಾಡು ಆಚೆ ದಡ ಮುಟ್ಟಲಿಲ್ಲ. ಕೊನಾಡು ಬ್ರೆಡ್ಡು ಮಾರುವವಳು, ರೇಡಿಯೊ ರಿಪೇರಿ ಮಾಡುವ ಟಾವಿಯಾನ ಹೆಂಡತಿ. ಬ್ರೆಡ್ಡೆಲ್ಲ ಚರಂಡಿಯ ಪಾಲಾಯಿತು, ಅವಳ ಕಾಲು ಉಳುಕಿ ಕುಂಬಳಕಾಯಿಯಾಯಿತು. ಮತ್ತೆ ವ್ಯಾಪಾರಕ್ಕೆ ಬಂದಾಗ ಅವಳು ಕುಂಟುತ್ತಿದ್ದಳು. ಬೇಕರಿ ಊರಾಚೆ ಇರುವುದರಿಂದ ಅವಳು ದಿನಾ ಬೆಳಗ್ಗೆ ಅದೇ ಚರಂಡಿಯ ಮೇಲೆ ಇಳಿಯಲೇಬೇಕು. "ಇನ್ನೊಂದ್ಸಲ ಬಿದ್ರೆ ನಾನು ಏಳಲ್ಲ, ನೋಡ್ಕೋ," ಎಂದಳು ಗಂಡನಿಗೆ. ಅವಳು ಹೆದರಿಸಲು ಹೇಳಿದ್ದಲ್ಲ. ಆ ಕಾಲು ನೋಡಿದವರಿಗೆಲ್ಲ ಅದು ನಿಜ ಎಂದು ಗೊತ್ತಿತ್ತು.

ಟಾವಿಯಾ ನಗರಸಭೆಗೆ ಹೋದ. ರೇಡಿಯೊ ರಿಪೇರಿಯವನಿಗೆ ಅಲ್ಲಿ ಯಾರೂ ಕುರ್ಚಿ ಕೊಡಲಿಲ್ಲ. ಮಾರನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, "ನಾನು ಪ್ರಯಾಣಿಕರ ಸಮಿತಿಯ ಚೇರ್ಮನ್ನು," ಎಂದ. ಕುರ್ಚಿ ಬಂತು. ಅಂಥ ಸಮಿತಿಯೊಂದು ಇದೆ ಎಂದು ಅವನಿಗೂ ಆಗಲೇ ಗೊತ್ತಾದದ್ದು. ಅದಕ್ಕೆ ನಾನೇ ಉಪಾಧ್ಯಕ್ಷೆ ಎಂಬುದು ನನಗೆ ಸಂಜೆ ಗೊತ್ತಾಯಿತು. ಅವನು ನನ್ನ ಖಾನಾವಳಿಗೆ ಫುಫು ಮುದ್ದೆ ತಿನ್ನಲು ಬಂದವನು ಕೈ ತೊಳೆಯುತ್ತಾ ಹೇಳಿದ.

"ಸೆರ್ವಾ ಅಕ್ಕ, ನಿಮ್ಮನ್ನ ಕೇಳ್ದೆ ಹೆಸ್ರು ಕೊಟ್ಬಿಟ್ಟೆ. ಬೇಜಾರಿಲ್ಲ ತಾನೆ?"

"ಉಪಾಧ್ಯಕ್ಷೆ ಆದ್ರೆ ಏನ್ ಮಾಡ್ಬೇಕು?"

"ಏನೂ ಇಲ್ಲ. ಚೇರ್ಮನ್ನಿಗೆ ಶೇಂಗಾ ಸಾರು ಸ್ವಲ್ಪ ಜಾಸ್ತಿ ಹಾಕ್ಬೇಕು."

ಸಂಚಾರ ವಿಭಾಗದ ಅಧಿಕಾರಿ ಲಾರ್ಬಿ ಎಂಬವರು ಕೊಟ್ಟ ಉತ್ತರ ಹೀಗಿತ್ತು: ವೃತ್ತ ದಾಟಿದ ಮೇಲೆ ಮುಚ್ಚಿಹೋದ ಸಿನಿಮಾ ಮಂದಿರದ ಎದುರು ಜಾಗ ಒಳ್ಳೆಯದೇ. ರಸ್ತೆ ನೇರವಾಗಿದೆ, ಕಾಲುದಾರಿ ಅಗಲವಾಗಿದೆ, ಅಲ್ಲಿ ಚರಂಡಿಗೆ ಚಪ್ಪಡಿ ಹಾಸಿದ್ದಾರೆ. ಆದರೆ ಆ ಜಾಗವನ್ನು ಕಾರು ತೊಳೆಯುವವನೊಬ್ಬ ಕೇಳುತ್ತಿದ್ದಾನೆ. ಶುಕ್ರವಾರ ಮಧ್ಯಾಹ್ನ ತಾವೇ ಬಂದು ನೋಡುತ್ತಾರೆ. ಜನರೂ ವ್ಯಾನುಗಳೂ ಅಲ್ಲಿ ನಿಲ್ಲುತ್ತಿದ್ದರೆ ಸರಿ. ಇಲ್ಲವಾದರೆ ಜಾಗ ಕಾರು ತೊಳೆಯುವವನಿಗೆ, ಬಸ್ಸು ಚರಂಡಿಗೆ.

ಟಾವಿಯಾ ಡ್ರೈವರುಗಳನ್ನು ಬೇಡಿದ. "ಜನ ಅಲ್ಲಿ ನಿಂತ್ಕೊಳ್ಲಿ, ನಾವೂ ನಿಲ್ಲಿಸ್ತೀವಿ," ಎಂದರು. ಜನರನ್ನು ಬೇಡಿದ. "ಅಲ್ಲಿ ನೆರಳೆಲ್ಲಿದೆ ಚೇರ್ಮನ್ರೆ? ಬಸ್ಸು ಬರೋ ಹೊತ್ತಿಗೆ ನಾವು ಒಣಮೀನು ಆಗಿರ್ತೀವಿ," ಎಂದರು. ಇದು ನ್ಯಾಯವಾದ ಮಾತು. ನೆರಳಿಗಾಗಿ ಟಾವಿಯಾ ಶಾಮಿಯಾನದ ಇಸಾಕಾನ ಬಳಿ ಹೋದ. ನನ್ನನ್ನೊಂದು ಮಾತು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಆದರೆ ಸಮಿತಿಯ ಸಭೆ ಯಾವತ್ತೂ ನಡೆಯಲಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಒಲೆ ಹಚ್ಚಿ ತಲೆಯೆತ್ತಿದರೆ ರಸ್ತೆಯಾಚೆ, ಸಿನಿಮಾ ಮಂದಿರದ ಎದುರು ಶಾಮಿಯಾನ ಎದ್ದು ನಿಂತಿದೆ. ಕಂಬಗಳಿಗೆ ಕೆಂಪು ಬಟ್ಟೆ, ಅಂಚಿಗೆ ಕಪ್ಪು ಬಟ್ಟೆ, ಒಳಗೆ ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ. ನಮ್ಮ ಕಡೆ ಇದಕ್ಕೆ ಅರ್ಥ ಒಂದೇ: ಸಾವು. ಕೈಯಲ್ಲಿದ್ದ ಸೌಟು ಇಟ್ಟು ಓಡಿದೆ.

"ಯಾರು ಹೋದ್ರೋ ಟಾವಿಯಾ?"

"ಯಾರೂ ಹೋಗಿಲ್ಲ ಅಕ್ಕ. ಜನ ಬರ್ಲಿ ಅಂತ ಹಾಕ್ಸಿದ್ದು. ನೆರಳು!"

"ಕೆಂಪು ಕಪ್ಪು ಯಾಕೆ ಹಾಕ್ಸಿದೆಯೋ? ಬಿಳೀದು ಇರ್ಲಿಲ್ವಾ?"

"ಬಿಳೀದೆಲ್ಲ ಮದುವೆಗೆ ಹೋಗಿದೆ ಅಂದ ಇಸಾಕಾ. ಒಳ್ಳೇದೇ ಆಯ್ತು ಬಿಡಿ. ಕೆಂಪು ದೂರದಿಂದ ಕಾಣುತ್ತೆ, ಡ್ರೈವರು ಬ್ರೇಕ್ ಹಾಕ್ತಾನೆ."

ಇಷ್ಟರಲ್ಲೇ ನಿಲ್ಲಿಸಿದ್ದರೂ ಊರು ಹೇಗೋ ತಡೆದುಕೊಳ್ಳುತ್ತಿತ್ತು. ಆದರೆ ಶಾಮಿಯಾನದ ಮುಂದೆ ಆಳೆತ್ತರದ ಒಂದು ಪೋಸ್ಟರು ನಿಂತಿತ್ತು. ಅದರಲ್ಲಿ ಕೋಟು ತೊಟ್ಟ ಟಾವಿಯಾನ ಮುಖ ಬಾಗಿಲಗಲ ಇತ್ತು. ನಮ್ಮ ಮುದ್ರಣದವನು ವರ್ಷವಿಡೀ ಸತ್ತವರ ಪೋಸ್ಟರನ್ನೇ ಅಚ್ಚು ಹಾಕುವವನು. ಕೈಗೆ ರೂಢಿಯಾದ ಕಪ್ಪು ಅಂಚು, ನಾಲ್ಕು ಮೂಲೆಗೆ ನಾಲ್ಕು ಲಿಲ್ಲಿ ಹೂವು ಹಾಕಿಕೊಟ್ಟಿದ್ದ. ಕೆಳಗೆಲ್ಲೋ ಇರುವೆ ಸಾಲಿನಂತೆ "ಇಲ್ಲಿ ಬಸ್ಸು ಹತ್ತಿ" ಎಂದಿತ್ತು.

"ನಿನ್ನ ಫೋಟೋ ಯಾಕೋ ಮಾರಾಯ?"

"ಚೇರ್ಮನ್ ಫೋಟೋ ಇಲ್ದೆ ಇದು ಅಧಿಕೃತ ಅಂತ ಯಾರು ನಂಬ್ತಾರೆ? ಅಕ್ಕ, ನಾನು ಲಾರ್ಬಿ ಸಾಹೇಬ್ರನ್ನ ಕರ್ಕೊಂಡು ಬರಕ್ಕೆ ಹೋಗ್ತಾ ಇದೀನಿ. ಅಧಿಕಾರಿಗಳು ಅಂದ್ಮೇಲೆ ಕರೆಯೋಕೆ ಹೋಗ್ಲೇಬೇಕು, ತಾವಾಗಿ ಬರಲ್ಲ. ಬಂದೋರಿಗೆ ಕುಡಿಯೋಕೆ ನೀರಿನ ಪ್ಯಾಕೆಟ್ ಇಟ್ಟಿದೀನಿ. ನೋಡ್ಕೊಳ್ಳಿ."

ಹೋಗಿಯೇಬಿಟ್ಟ.

ಶಾಮಿಯಾನದ ಕೆಳಗೆ ಆಗಲೇ ಒಬ್ಬ ಕೂತಿದ್ದ. ಪರ ಊರಿನವನು, ಈರುಳ್ಳಿ ಮೂಟೆ ತಂದವನು. ನೆರಳು ಕಂಡು ಬಸ್ಸಿಗೆ ಕಾಯುತ್ತಿದ್ದ. ಮೊದಲ ವ್ಯಾನು ಯಾಕುಬುವಿನದು. ಅವನು ಕಂಡಕ್ಟರು. ಅರ್ಧ ದೇಹ ಬಾಗಿಲಿನಾಚೆ ತೂಗಿಸಿಕೊಂಡು ಊರಿಗೆಲ್ಲ ಕೇಳುವಂತೆ ಕೂಗುತ್ತಾ ಬರುವುದು ಅವನ ಪದ್ಧತಿ. ಪೋಸ್ಟರು ಕಂಡದ್ದೇ ಅವನ ಕೂಗು ನಿಂತಿತು. ವ್ಯಾನಿನ ಹಾಡೂ ನಿಂತಿತು.

"ಅಯ್ಯಯ್ಯೋ! ರೇಡಿಯೊ ಟಾವಿಯಾ! ನಿಲ್ಸು, ನಿಲ್ಸು!"

ಎಲ್ಲರೂ ಇಳಿದರು. ಸಾವಿನ ಮನೆ ಎದುರಿಗೆ ಸಿಕ್ಕ ಮೇಲೆ ಸುಮ್ಮನೆ ಹೋಗುವವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಕೂತವರ ಕೈಯನ್ನು ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರದನ್ನೂ ಕುಲುಕಬೇಕು, ಆಮೇಲೆ ಕೂರಬೇಕು, ನೀರು ಕುಡಿಯಬೇಕು. ಮನೆಯವರು "ಏನು ಬಂದಿರಿ?" ಎಂದು ಕೇಳುವವರೆಗೆ ಬಾಯಿ ಬಿಡಬಾರದು. ಇಲ್ಲಿ ಕೂತಿದ್ದವನು ಈರುಳ್ಳಿಯವನೊಬ್ಬನೇ. ಎಲ್ಲರೂ ಸಾಲಾಗಿ ಅವನ ಕೈ ಹಿಡಿದರು.

"ಧೈರ್ಯ ತಂದ್ಕೊಳ್ಳಿ ಅಣ್ಣ."

"ಸಹಿಸ್ಕೋಬೇಕಪ್ಪ. ಏನ್ಮಾಡೋಕಾಗುತ್ತೆ?"

ಅವನು ಕಣ್ಣರಳಿಸಿ ನನ್ನ ಕಡೆ ತಿರುಗಿದ. "ಅಮ್ಮ, ಈ ಊರಿನ ಜನ ಎಷ್ಟು ಒಳ್ಳೇವ್ರು! ಬಸ್ಸು ತಡ ಆಗಿದ್ದಕ್ಕೇ ಇಷ್ಟು ಸಮಾಧಾನ ಹೇಳ್ತಾರಲ್ಲ!"

ಎರಡನೆಯ ವ್ಯಾನಿನವರು ಬಂದು ಮೊದಲ ವ್ಯಾನಿನವರ ಕೈ ಕುಲುಕಿದರು. ಮೂರನೆಯವರು ಬಂದು ಇಬ್ಬರದ್ದನ್ನೂ ಕುಲುಕಿದರು. ಕೂತ ಪ್ರತಿಯೊಬ್ಬನೂ ಪಕ್ಕದವನೇ ಮನೆಯವನು ಎಂದು ತಿಳಿದು ಮರುಗುತ್ತಿದ್ದ. ನಾನು ನಡುವೆ ನಿಂತು ಗಟ್ಟಿಯಾಗಿ ಹೇಳಿದೆ.

"ಕೇಳಿ ಇಲ್ಲಿ. ಟಾವಿಯಾ ಸತ್ತಿಲ್ಲ! ಈಗ ತಾನೆ ನನ್ ಹತ್ರ ಮಾತಾಡ್ಕೊಂಡು ಹೋದ!"

ಮೀನು ಮಾರುವ ಒಬ್ಬಾಕೆ ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. "ಹಾಗೇ ಅನ್ಸುತ್ತೆ ಅಕ್ಕ. ನಮ್ಮೆಜಮಾನ್ರು ಹೋದಾಗ ನಂಗೂ ಹಾಗೇ, ಮಾತಾಡ್ದಂಗೇ ಅನ್ಸೋದು. ತಗೊಳ್ಳಿ, ನೀರು ಕುಡೀರಿ."

ಕುಡಿದೆ. ಬೇರೆ ದಾರಿ ಇರಲಿಲ್ಲ. ಹಿಂದಿನಿಂದ ಬಂದವರು ನನ್ನ ಕೈಯನ್ನೂ ಕುಲುಕಿಕೊಂಡು ಹೋದರು. ಇನ್ನು ಇಲ್ಲಿ ಕೂತು ಪ್ರಯೋಜನವಿಲ್ಲ ಎಂದು ಎದ್ದು ಹೋಗಿ ಇನ್ನೊಂದು ಹಂಡೆ ಸಾರಿಗೆ ಇಟ್ಟೆ. ದುಃಖದಲ್ಲಿರುವವರಿಗೆ ಹಸಿವು ಹೆಚ್ಚು, ಇದು ನಾನು ಕಂಡುಕೊಂಡದ್ದು.

ಅಷ್ಟರಲ್ಲಿ ಪೇಟೆಯ ಒಳಗಿಂದ ಕೊನಾಡುವನ್ನು ಹೆಂಗಸರು ಎರಡೂ ಕಡೆ ಹಿಡಿದು ಕರೆತಂದರು. ಅವಳ ರೋದನ ವೃತ್ತದವರೆಗೆ ಕೇಳುತ್ತಿತ್ತು.

"ಬೆಳಗ್ಗೆ ಬೈದು ಕಳಿಸ್ದೆ! ಗಂಜಿ ತಣ್ಣಗಾಗಿದೆ ಅಂದ್ರೆ, ಹಂಗೇ ಕುಡಿ ಅಂದೆ! ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ!"

ನಾನು ಮತ್ತೆ ಓಡಿಬಂದು ಅವಳ ಕಿವಿಗೆ ಬಾಗಿ ಹೇಳಿದೆ. "ಅಳ್ಬೇಡ್ವೇ. ಇದು ನಿನ್ನ ಗಂಡ ನಿನಗೆ ಕಟ್ಸಿರೋ ಬಸ್ ಸ್ಟಾಪು. ಅವನು ಸಾಹೇಬ್ರನ್ನ ಕರೆಯೋಕೆ ಹೋಗಿದಾನೆ."

ಅಳು ಫಕ್ಕನೆ ನಿಂತಿತು. ಪೋಸ್ಟರನ್ನು ನೋಡಿದಳು, ಶಾಮಿಯಾನವನ್ನು ನೋಡಿದಳು, ಮೂಗು ಒರೆಸಿಕೊಂಡಳು.

"ಬದುಕಿದಾನಾ?"

"ಬದುಕಿದಾನೆ."

"ಬರ್ಲಿ. ಈ ಶಾಮಿಯಾನ ದಂಡ ಆಗೋಕೆ ನಾನು ಬಿಡಲ್ಲ."

ಪೇಟೆಯಲ್ಲಿ ಫೋನು ಬಸ್ಸಿಗಿಂತ ಬೇಗ ಓಡುತ್ತದೆ. ಟಾವಿಯಾನ ಹಳ್ಳಿಯಿಂದ ಒಂದು ಬಾಡಿಗೆ ಬಸ್ಸು ಬಂದು ನಿಂತಿತು. ಅದರಿಂದ ಕೆಂಪು ಕಪ್ಪು ಉಟ್ಟ ಕುಟುಂಬವೆಲ್ಲ ಇಳಿಯಿತು. ಕೊನೆಯಲ್ಲಿ ಕುಲದ ಯಜಮಾನರು ಒಪಾನಿನ್ ಎನ್ಸಿಯಾ ಇಳಿದರು. ಅವರು ಟಾವಿಯಾನ ಸೋದರಮಾವ. ಅವರು ನೇರವಾಗಿ ಯಾರೊಡನೆಯೂ ಮಾತಾಡುವವರಲ್ಲ. ಪಕ್ಕದಲ್ಲಿ ಕೋಲು ಹಿಡಿದ ವಕ್ತಾರನೊಬ್ಬನಿರುತ್ತಾನೆ. ಯಜಮಾನರು ಮೆಲ್ಲಗೆ ಎರಡು ಮಾತು ಆಡಿದರೆ ಅವನು ಅದಕ್ಕೆ ಉಪ್ಪು ಖಾರ ಹಾಕಿ ಸಭೆಗೆ ಬಡಿಸುತ್ತಾನೆ.

ಯಜಮಾನರು ಗುಣುಗಿದರು. ವಕ್ತಾರ ಕೋಲು ಕುಟ್ಟಿದ.

"ಯಜಮಾನ್ರು ಕೇಳ್ತಾ ಇದಾರೆ. ಸೋದರಳಿಯ ತಾಯಿ ಕುಲದವನು. ಬದುಕಿರೋವಾಗ ಹೆಂಡ್ತಿಗೆ ಸೇರಿದವನು ಅಂತಾನೇ ಇಟ್ಕೊಳ್ಳಿ, ಸತ್ಮೇಲೆ ನಮಗೆ ಸೇರಿದವನು. ನಮ್ಮನ್ನ ಕೇಳ್ದೆ ಶಾಮಿಯಾನ ಹಾಕೋ ಧೈರ್ಯ ಯಾರಿಗೆ ಬಂತು? ನಮ್ಮ ಹೆಣ ಎಲ್ಲಿ?"

ಕೊನಾಡು ಎದ್ದು ನಿಂತು ಮರ್ಯಾದೆಯಿಂದ ಮೊಣಕಾಲು ಬಗ್ಗಿಸಿದಳು.

"ಹೆಣ ನಗರಸಭೆಗೆ ಹೋಗಿದೆ ಮಾವ. ಊಟದ ಹೊತ್ತಿಗೆ ಬರುತ್ತೆ."

ವಕ್ತಾರನಿಗೆ ಇದಕ್ಕೆ ಯಾವ ಖಾರ ಹಾಕುವುದೆಂದು ತಿಳಿಯಲಿಲ್ಲ. ಹಾಗೆಯೇ ಒಪ್ಪಿಸಿದ. ಯಜಮಾನರು ತಮ್ಮಷ್ಟಕ್ಕೇ, "ಪಟ್ಟಣದಲ್ಲಿ ಎಲ್ಲದಕ್ಕೂ ಅನುಮತಿ ಬೇಕು," ಎಂದು ಕೂತರು.

ಹೆಣ ಹೇಳಿದ ಹೊತ್ತಿಗೆ ಸರಿಯಾಗಿ ಬಂತು, ನಗರಸಭೆಯ ಜೀಪಿನಲ್ಲಿ. ಲಾರ್ಬಿ ಸಾಹೇಬರು ಮುಂದೆ, ಟಾವಿಯಾ ಹಿಂದೆ. ಜನರನ್ನು ಕಂಡು ಟಾವಿಯಾನ ಮುಖ ಹಿಗ್ಗಿ ಪೋಸ್ಟರಿನಷ್ಟಾಯಿತು. "ನೋಡಿ ಸರ್! ಒಂದೇ ದಿನದಲ್ಲಿ! ಕೂರೋಕೆ ಜಾಗ ಇಲ್ಲ!"

ಸಾಹೇಬರು ಜನರನ್ನು ನೋಡಲಿಲ್ಲ, ಪೋಸ್ಟರನ್ನು ನೋಡಿದರು. ಟೋಪಿ ತೆಗೆದು ಎದೆಗಿಟ್ಟುಕೊಂಡರು. ಆಮೇಲೆ ಪಕ್ಕಕ್ಕೆ ತಿರುಗಿ ಟಾವಿಯಾನನ್ನು ನೋಡಿದರು. ಮತ್ತೆ ಪೋಸ್ಟರು.

"ಇದು... ನೀವಾ?"

"ನಾನೇ ಸರ್. ಚೆನ್ನಾಗಿ ಬಂದಿದೆ ಅಲ್ವಾ?"

ಆಗ ಸಭೆ ಅವನನ್ನು ನೋಡಿತು. ಮೀನಿನವಳು ಕಿರುಚಿದಳು. ಅರ್ಧ ಜನ ಎದ್ದು, ನಿಂತಿದ್ದ ವ್ಯಾನುಗಳಿಗೆ ನುಗ್ಗಿದರು. ಡ್ರೈವರುಗಳು ಎಲ್ಲಿಗೆ ಎಂದು ಕೇಳದೆ ಹೊರಟರು; ಯಾಕುಬುವಿನ ವ್ಯಾನೊಂದೇ ಉಳಿಯಿತು. ಈರುಳ್ಳಿಯವನಿಗೂ ಕೊನೆಗೆ ಬಸ್ಸು ಸಿಕ್ಕಿತು. ಅದು ಅವನ ಊರಿನ ಕಡೆಯದೋ ಅಲ್ಲವೋ ತಿಳಿಯದು. ಉಳಿದವರು ಟಾವಿಯಾನ ಕೆನ್ನೆ ಮುಟ್ಟಿ, ಕೈ ಚಿವುಟಿ, ಬೆಚ್ಚಗಿದ್ದಾನೆ ಎಂದು ಖಾತ್ರಿ ಮಾಡಿಕೊಂಡು ಅವನನ್ನು ಬೈಯಲು ತೊಡಗಿದರು.

"ಬದುಕಿರೋದಕ್ಕೆ ನಾಚ್ಕೆ ಆಗಲ್ವೇನೋ? ವ್ಯಾಪಾರ ಬಿಟ್ಟು ಬಂದಿದೀನಿ!"

"ನಾನು ಅತ್ತಿದ್ದಕ್ಕೆ ಯಾರು ಜವಾಬ್ದಾರಿ?"

ಟಾವಿಯಾ ಒಬ್ಬೊಬ್ಬರಿಗೂ ಕ್ಷಮೆ ಕೇಳಿದ. ಸತ್ತಿಲ್ಲ ಎಂಬುದಕ್ಕೆ ಮನುಷ್ಯ ಕ್ಷಮೆ ಕೇಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ಸಾಹೇಬರು ಟೋಪಿ ಮತ್ತೆ ತಲೆಗಿಟ್ಟರು.

"ಚೇರ್ಮನ್ರೆ, ಇದನ್ನ ನಾನು ಬಸ್ ಸ್ಟಾಪು ಅಂತ ಒಪ್ಪೋಕಾಗಲ್ಲ. ಇವ್ರೆಲ್ಲ ಪ್ರಯಾಣಿಕರಲ್ಲ, ಸಾವಿಗೆ ಬಂದೋರು. ನಾಳೆ ಶಾಮಿಯಾನ ಬಿಚ್ಚಿದ್ಮೇಲೆ ಯಾರು ನಿಲ್ತಾರೆ ಇಲ್ಲಿ? ಕಾರು ತೊಳೆಯೋನಿಗೆ ಹೇಳ್ಕಳಿಸ್ತೀನಿ."

ಟಾವಿಯಾ ತನ್ನ ಪೋಸ್ಟರಿಗೇ ಒರಗಿ ಕಣ್ಣು ಮುಚ್ಚಿದ. ಬೆಳಗ್ಗೆಯಿಂದ ಅವನು ಸತ್ತಂತೆ ಕಂಡದ್ದು ಆಗಲೇ.

ಕೊನಾಡು ಕುಂಟುತ್ತಾ ಬಂದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

"ಸಾಹೇಬ್ರೆ, ನೀವು ಪೇಟೆಗೆ ಯಾವತ್ತೂ ಜೀಪಲ್ಲೇ ಬರೋದಾ?"

"ಹೌದಮ್ಮ. ಯಾಕೆ?"

"ಒಂದ್ಸಲ ವ್ಯಾನಲ್ಲಿ ಬನ್ನಿ. ಒಂದೇ ಸುತ್ತು. ಇಲ್ಲಿ ಹತ್ತಿ, ಆ ಬೇವಿನ ಮರದ ಹತ್ರ ಇಳೀರಿ. ಆಮೇಲೆ ಜಾಗ ಯಾರಿಗೆ ಬೇಕಾದ್ರೂ ಕೊಡಿ, ನಾನು ಕೇಳಲ್ಲ."

ಸಾಹೇಬರು ಕೈಗಡಿಯಾರ ನೋಡಿದರು. ಆದರೆ ಸುತ್ತ ಇದ್ದದ್ದು ಬೆಳಗ್ಗೆಯಿಂದ ಅತ್ತು, ಅತ್ತದ್ದು ದಂಡವಾದ ಜನ. ಅಂಥವರ ನಡುವೆ ಆಗುವುದಿಲ್ಲ ಎನ್ನಲು ಧೈರ್ಯ ಬೇಕು. ಯಾಕುಬು ಬಾಗಿಲು ಎಳೆದ. "ಬನ್ನಿ ದೊಡ್ಡವ್ರೆ, ಬಾಗಿಲ ಪಕ್ಕದ ಸೀಟು ನಿಮ್ಗೇ." ಅವರ ಮಡಿಲ ಮೇಲೆ ಯಾರೋ ಕೊನಾಡುವಿನ ಬ್ರೆಡ್ಡಿನ ತಟ್ಟೆಯನ್ನೂ ಇಟ್ಟರು. ಹೊರೆ ಹೊತ್ತು ಇಳಿಯದಿದ್ದರೆ ಇಳಿದದ್ದು ಲೆಕ್ಕಕ್ಕೆ ಬಾರದು ಎಂಬುದು ಸಭೆಯ ಅಭಿಪ್ರಾಯವಾಗಿತ್ತು.

ನಾವೆಲ್ಲ ನಡೆದು ವೃತ್ತಕ್ಕೆ ಹೋಗಿ ಚರಂಡಿಯಾಚೆ ನಿಂತೆವು. ವ್ಯಾನು ಸುತ್ತಿ ಬಂತು. ಡ್ರೈವರು ಎಂದಿನಂತೆಯೇ ನಿಲ್ಲಿಸಿದ, ಅವನಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಬಾಗಿಲು ತೆರೆಯಿತು. ಸಾಹೇಬರು ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು.

"ಇಳೀರಿ ದೊಡ್ಡವ್ರೆ, ದಾರಿ ಬಿಡಿ!" ಎಂದ ಯಾಕುಬು. "ಬುಟ್ಟಿ ಹೊತ್ತ ಅಜ್ಜಿಯರೇ ಹಾರ್ತಾರೆ!"

ಸಾಹೇಬರು ತಟ್ಟೆಯನ್ನು ತಲೆಗೇರಿಸಿ ಹಾರಿದರು. ಬ್ರೆಡ್ಡು ದಡ ಸೇರಿತು, ಅದನ್ನು ಕೊನಾಡು ಹಿಡಿದಳು. ಸಾಹೇಬರೂ ಸೇರಿದರು, ಅವರನ್ನು ಟಾವಿಯಾ ಅಪ್ಪಿ ಹಿಡಿದ. ಮಿರಿಮಿರಿ ಮಿಂಚುತ್ತಿದ್ದ ಎಡಗಾಲ ಬೂಟು ಮಾತ್ರ ಸೇರಲಿಲ್ಲ. ಕಪ್ಪು ನೀರು ಅದನ್ನು ಒಮ್ಮೆ ತಿರುಗಿಸಿ ನೋಡಿ ನುಂಗಿತು.

ಯಾರೂ ನಗಲಿಲ್ಲ. ಅವರೆಲ್ಲರೂ ಅಲ್ಲಿ ಏನಾದರೊಂದು ಕಳೆದುಕೊಂಡವರೇ.

ಸಾಹೇಬರು ಒಂದೇ ಬೂಟಿನಲ್ಲಿ ನಿಂತು ಕೊನಾಡುವಿನ ಪಾದ ನೋಡಿದರು. "ನೀವು ಬಿದ್ದಿದ್ದು ಇಲ್ಲೇನಾ ಅಮ್ಮ?"

"ಇಲ್ಲೇ."

"ದಿನಾ ಇಳೀತೀರಾ?"

"ದಿನಾ."

"ಸೋಮವಾರದಿಂದ ಇಲ್ಲಿ ಇಳೀಬೇಡಿ," ಎಂದರು. "ಸಿನಿಮಾ ಎದುರಿಗೇ ಸ್ಟಾಪು. ಬೋರ್ಡು ಹಾಕಿಸ್ತೀನಿ, ಚಾವಣಿ ಹಾಕಿಸ್ತೀನಿ. ಇಲ್ಲಿ ನಿಲ್ಸಿದ ಡ್ರೈವರಿಗೆ ದಂಡ."

ಹೆಂಗಸರು ಕೇಕೆ ಹಾಕಿದರು. ಟಾವಿಯಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಆದರೆ ಯಜಮಾನರು ಒಪ್ಪಲಿಲ್ಲ. ಅವರು ಗುಣುಗಿದರು, ವಕ್ತಾರ ಕೋಲು ಕುಟ್ಟಿದ.

"ಯಜಮಾನ್ರು ಹೇಳ್ತಾ ಇದಾರೆ. ಸ್ಟಾಪಿನ ವಿಚಾರ ಸಂತೋಷ. ಆದ್ರೆ ನಾವು ಬಸ್ಸು ಮಾಡ್ಕೊಂಡು ಬಂದಿದೀವಿ, ಕಪ್ಪು ಬಟ್ಟೆ ಉಟ್ಟಿದೀವಿ, ಸತ್ತೋನಿಗೆ ಎರೆಯೋಕೆ ಸಾರಾಯಿ ತಂದಿದೀವಿ. ಶಾಮಿಯಾನ ಎದ್ಮೇಲೆ ಸಾವು ಇಲ್ದೆ ವಾಪಸ್ಸು ಹೋದ್ರೆ ಕುಲಕ್ಕೆ ಒಳ್ಳೇದಲ್ಲ. ಯಾರಾದ್ರೂ ಸತ್ತಿರ್ಲೇಬೇಕು."

ಎಲ್ಲರೂ ಟಾವಿಯಾನನ್ನು ನೋಡಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಇಂಥಲ್ಲಿ ಉಪಾಧ್ಯಕ್ಷೆಯಾದವಳು ಸುಮ್ಮನಿರಬಾರದು ಎನಿಸಿತು. "ಯಜಮಾನ್ರೆ, ಈ ಹಳೇ ಸ್ಟಾಪು ಈಗ ತಾನೆ ಸತ್ತಿತಲ್ಲ! ನಮ್ಮಜ್ಜಿ ಕಾಲದ್ದು. ಅದಕ್ಕೂ ಅಳೋರು ಬೇಡ್ವಾ?"

ಯಜಮಾನರು ಚರಂಡಿಯನ್ನು ನೋಡಿದರು. ತಲೆದೂಗಿದರು. ವಕ್ತಾರ ಬಾಟಲಿ ತೆರೆದು, ಚರಂಡಿಯ ಅಂಚಿಗೆ ಸ್ವಲ್ಪಸ್ವಲ್ಪವೇ ಸಾರಾಯಿ ಸುರಿಯುತ್ತಾ ಹೇಳಿದ. "ಹಳೇ ಸ್ಟಾಪೇ, ನೀನು ನಮ್ಮ ಕಾಲು ಮುರಿದೆ, ಬ್ರೆಡ್ಡು ತಿಂದೆ, ಸಾಹೇಬ್ರ ಬೂಟು ನುಂಗಿದೆ. ಆದ್ರೂ ನೆರಳು ಕೊಟ್ಟೆ. ಹೋಗು. ಮತ್ತೆ ಬರ್ಬೇಡ." ಮೀನಿನವಳು ಬೆಳಗ್ಗೆ ಅರ್ಧಕ್ಕೆ ನಿಂತ ಅಳುವನ್ನು ಇಲ್ಲಿ ಮುಗಿಸಿದಳು. ಆಮೇಲೆ ಎಲ್ಲರೂ ನನ್ನಲ್ಲಿಗೆ ಬಂದು ಉಂಡರು. ಎರಡನೆಯ ಹಂಡೆಯೂ ಸಾಲಲಿಲ್ಲ.

ಸಾಹೇಬರು ಮಾತು ಉಳಿಸಿಕೊಂಡರು. ಚಾವಣಿ ಬಂತು, ಬೆಂಚು ಬಂತು, ನೀಲಿ ಬೋರ್ಡಿನ ಮೇಲೆ "ಹಳೆಯ ಚಿತ್ರಮಂದಿರ ನಿಲ್ದಾಣ" ಎಂಬ ಹೆಸರೂ ಬಂತು. ಕೊನಾಡು ಈಗ ಬ್ರೆಡ್ಡಿನ ತಟ್ಟೆ ಹೊತ್ತು, ಮಾತಾಡುತ್ತಲೇ, ಕೆಳಗೆ ನೋಡದೆ ಇಳಿಯುತ್ತಾಳೆ. ಆದರೆ ಆ ಬೋರ್ಡಿನ ಹೆಸರನ್ನು ಯಾವ ಕಂಡಕ್ಟರೂ ಓದಿಲ್ಲ. ವೃತ್ತ ದಾಟುತ್ತಿದ್ದಂತೆ ಎಲ್ಲರೂ ಕೂಗುವುದು ಒಂದೇ: "ಟಾವಿಯಾ ಸತ್ತಲ್ಲಿ! ಟಾವಿಯಾ ಸತ್ತಲ್ಲಿ ಯಾರು ಇಳಿಯೋರು?"

ಕೆಲ ಕಾಲ ಟಾವಿಯಾ ಹಟ ಹಿಡಿದು, "ಹಳೆಯ ಚಿತ್ರಮಂದಿರ," ಎಂದೇ ಹೇಳುತ್ತಿದ್ದ. ಅಂಥ ಸ್ಟಾಪು ಗೊತ್ತಿಲ್ಲ ಎಂದು ಅವನನ್ನು ಮಾರುಕಟ್ಟೆಯಾಚೆ ಇಳಿಸುತ್ತಿದ್ದರು. ಬಿಸಿಲಲ್ಲಿ ಹಿಂದಕ್ಕೆ ನಡೆದು ನಡೆದು ಸಾಕಾಯಿತು. ಮೊನ್ನೆ ಅವನ ಹಿಂದಿನ ಸೀಟಿನಲ್ಲಿ ನಾನಿದ್ದೆ. ವ್ಯಾನು ವೃತ್ತ ದಾಟಿತು. ಟಾವಿಯಾ ಆಚೆ ಈಚೆ ನೋಡಿ, ಮುಂದಕ್ಕೆ ಬಾಗಿ, ಯಾಕುಬುವಿನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

"ಟಾವಿಯಾ ಸತ್ತಲ್ಲಿ ನಿಲ್ಸಪ್ಪ."

"ಜೋರಾಗಿ ಹೇಳಿ ಚೇರ್ಮನ್ರೆ," ಎಂದ ಯಾಕುಬು, "ಯಾರು ಸತ್ತಲ್ಲಿ?"